ತಿರುಗಿದರೂ ತಿರುಗಿಲ್ಲವೆಂದ ಎನ್‌ಕೋಡರ್ ಮಹಾಶಯರಿಗೆ

ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದರ ಕಂಪ್ಯೂಟರ್ ಲೇತಿನಲ್ಲಿ, ಎಡಗಡೆ ಮೋಟಾರಿನ ಬೆನ್ನಿಗೆ, ನಾಲ್ಕು ಸ್ಕ್ರೂ ಬಿಗಿದ ಕಪ್ಪು ಮುಚ್ಚಳದೊಳಗೆ ಧೂಳು ಸೋಕದಂತೆ ವಾಸವಾಗಿರುವ ಎನ್‌ಕೋಡರ್ ಮಹಾಶಯರ ಸನ್ನಿಧಿಗೆ, ಅದೇ ಕಾರ್ಖಾನೆಯಲ್ಲಿ ಧೂಳು ಗುಡಿಸುತ್ತ, ಮರ ಹೊರುತ್ತ, ಕರೆದ ಕಡೆಗೆಲ್ಲ ಓಡುತ್ತಿರುವ ಅಕ್ಕೂರಿನ ಮುನೇಶನು ಕೈಮುಗಿದು, ಮುಗಿದ ಕೈಯಲ್ಲೇ ಸ್ಕ್ರೂಡ್ರೈವರ್ ಹಿಡಿದು ಮಾಡಿಕೊಳ್ಳುವ ಬಹಿರಂಗ ಬಿನ್ನಹ.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ನನಗಿಲ್ಲ. ತಾವು ಕ್ಷೇಮವಾಗಿದ್ದೀರಿ ಎಂಬುದನ್ನು ಪತ್ತೆಮಾಡುವುದಕ್ಕಾಗಿಯೇ ಒಂದು ವಾರ ಊಟದ ಹೊತ್ತನ್ನೆಲ್ಲ ತಮ್ಮ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕಳೆದಿದ್ದೇನೆ. ತಮಗೆ ಏನೆಂದರೆ ಏನೂ ಆಗಿರಲಿಲ್ಲ. ನನ್ನ ದೂರು ಅದೇ.

ಮೊದಲಿಗೆ ನನ್ನ ಪರಿಚಯ. ನಾನು ಒಂಬತ್ತನೇ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟವನು. ಬಡತನದಿಂದ ಬಿಟ್ಟೆ ಎಂದು ಬರೆದರೆ ಓದುವವರಿಗೆ ಕರುಳು ಚುರುಕ್ ಎನ್ನುತ್ತದೆ, ಆದರೆ ಅದು ಸುಳ್ಳಾಗುತ್ತದೆ. ಒಂದೇ ಬೆಂಚಿನಲ್ಲಿ ಕೂರಲಾಗದೆ ಬಿಟ್ಟೆ. ಬಿಡುವ ಮುಂಚೆ ಅಯಸ್ಕಾಂತದ ಪಾಠವೊಂದಾಗಿತ್ತು. ಅದರಲ್ಲಿ ಉತ್ತರ ಧ್ರುವ ಒಂದು ತುದಿಯಲ್ಲೂ ದಕ್ಷಿಣ ಧ್ರುವ ಇನ್ನೊಂದು ತುದಿಯಲ್ಲೂ ಇರುತ್ತದೆಂದು ಮೇಷ್ಟ್ರು ಹೇಳಿದ್ದರು, ನಾನು ನಂಬಿದ್ದೆ. ಆ ಒಂದು ನಂಬಿಕೆಗೂ ತಾವು ಕಲ್ಲು ಹಾಕಿದ್ದೀರಿ, ಅದಕ್ಕೆ ಮುಂದೆ ಬರುತ್ತೇನೆ.

ತಮ್ಮ ಉದ್ಯೋಗದ ಬಗ್ಗೆ, ಯಂತ್ರ ಕೂರಿಸಲು ಬಂದಿದ್ದ ಕಂಪನಿಯವರು ನಮಗೆ ಹೇಳಿದ್ದು ಇಷ್ಟು: ಉಳಿಯನ್ನು ಹಿಂದೆ ಮುಂದೆ ಸರಿಸುವ ಮೋಟಾರಿಗೆ ಯಂತ್ರವು ಇಷ್ಟು ತಿರುಗು ಎಂದು ಅಪ್ಪಣೆ ಕೊಡುತ್ತದೆ, ಅದು ನಿಜವಾಗಿ ಅಷ್ಟು ತಿರುಗಿತೇ ಎಂದು ನೋಡಿ ತಾವು ವರದಿ ಒಪ್ಪಿಸುತ್ತೀರಿ. ತಿರುಗಿಸುವವರು ತಾವಲ್ಲ, ಕಡೆಯುವವರು ತಾವಲ್ಲ, ಮರ ಹೊರುವವರಂತೂ ಅಲ್ಲವೇ ಅಲ್ಲ. ಬೇರೆಯವರು ದುಡಿದರೋ ಇಲ್ಲವೋ ಎಂದು ಹೇಳುವುದೇ ತಮ್ಮ ದುಡಿಮೆ. ಇಂಥ ಹುದ್ದೆಗಳು ಮನುಷ್ಯರಲ್ಲೂ ಬೇಕಾದಷ್ಟಿರುವುದರಿಂದ ನಮಗಾರಿಗೂ ಆಶ್ಚರ್ಯವಾಗಲಿಲ್ಲ, ತಮ್ಮ ಮೇಲೆ ಗೌರವವೇ ಹುಟ್ಟಿತು.

ಈ ಯಂತ್ರದ ಮುಂದೆ ಕೂತು ಆಟದ ರೈಲಿನ ಚಕ್ರಗಳನ್ನು ಕಡೆಯುತ್ತಿದ್ದವರು ನಮ್ಮ ಖುರ್ಷಿದಕ್ಕ ಎಂಬುದು ತಮಗೆ ಗೊತ್ತಿರಲಿಕ್ಕಿಲ್ಲ, ಏಕೆಂದರೆ ತಾವು ಸದಾ ಅವರಿಗೆ ಬೆನ್ನು ಮಾಡಿಯೇ ಕೂತಿರುತ್ತೀರಿ. ಅವರು ಮೊದಲು ಅರಗಿನ ಕೆಲಸದಲ್ಲಿದ್ದವರು. ತಿರುಗುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಹೊಳಪು ತೆಗೆಯುತ್ತ ಬೆರಳ ತುದಿಯ ಚರ್ಮವೆಲ್ಲ ಗಟ್ಟಿಯಾಗಿತ್ತು. ಕಂಪ್ಯೂಟರ್ ಲೇತ್ ಬಂದಾಗ ಗಂಡಸರೆಲ್ಲ ನಮಗ್ಯಾಕೆ ಎಂದು ಹಿಂದೆ ಸರಿದರು. ಖುರ್ಷಿದಕ್ಕ ಮಾತ್ರ ನಾನು ಕಲೀತೀನಿ ಅಂದರು, ಕಲಿತರು. ಆಮೇಲೆ ಯಾರಾದರೂ ಕಾರ್ಖಾನೆ ನೋಡಲು ಬಂದರೆ ಮಾಲೀಕರಾದ ಅನಂತರಾಜಣ್ಣ ನೇರವಾಗಿ ಅವರ ಮುಂದೆ ಕರೆತಂದು ನಿಲ್ಲಿಸಿ, “ನಮ್ಮ ಆಪ್ರೇಟ್ರು” ಎಂದು ತಾವೇ ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು.

ಹೀಗಿರಲಾಗಿ ಒಂದು ಸೋಮವಾರ ಬೆಳಿಗ್ಗೆ ತಾವು ಕೆಂಪು ದೀಪ ಹತ್ತಿಸಿದಿರಿ. ಮೋಟಾರು ಗುರ್ ಎಂದು ಒಂದು ಗೇಣು ಉಳಿ ಸರಿಸುತ್ತಿತ್ತು, ತಾವು ಅದು ಒಂದು ಕೂದಲೆಳೆಯಷ್ಟೂ ತಿರುಗಿಲ್ಲವೆಂದು ವರದಿ ಕೊಡುತ್ತಿದ್ದಿರಿ, ಯಂತ್ರ ತಮ್ಮ ಮಾತು ನಂಬಿ ಗಾಬರಿಯಾಗಿ ನಿಂತುಬಿಡುತ್ತಿತ್ತು. ಕಣ್ಣೆದುರು ತಿರುಗುತ್ತಿರುವುದನ್ನು ತಿರುಗಿಲ್ಲವೆಂದು ಇಷ್ಟು ನಿಶ್ಚಿಂತೆಯಿಂದ ಬರೆದುಕೊಡಲು ಎಷ್ಟು ವರ್ಷದ ಸೇವಾ ಅನುಭವ ಬೇಕೋ ನಾನರಿಯೆ. ಬದುಕಿರುವ ಅಜ್ಜಿಯ ಮುಖ ನೋಡಿಕೊಂಡೇ, ಬದುಕಿದ್ದಾಳೆಂಬ ಸರ್ಟಿಫಿಕೇಟ್ ತನ್ನಿ ಎನ್ನುವವರಿಗೆ ತಾವು ಗುರುಸಮಾನರು.

ಅನಂತರಾಜಣ್ಣ ಕಂಪನಿಗೆ ಫೋನು ಮಾಡಿದರು. ಹಿಂದಿನ ಮುಚ್ಚಳ ತೆಗೆದು, ಮೋಟಾರಿನ ದಂಡದ ತುದಿಯಲ್ಲಿ ಪುಟ್ಟ ಮ್ಯಾಗ್ನೆಟ್ ಇದೆಯೇ ನೋಡಿ ಎಂದು ಅತ್ತಲಿಂದ ಹೇಳಿದರು. ತೆಗೆದು ನೋಡಿದರೆ ಇರಲಿಲ್ಲ. ಆಗ ಅನಂತರಾಜಣ್ಣ ಎಲ್ಲರೆದುರಿಗೆ ಖುರ್ಷಿದಕ್ಕನನ್ನು, “ಎಲ್ಲಮ್ಮಾ ಮ್ಯಾಗ್ನೆಟ್ಟು? ಬಿರಿಯಾನಿಗೆ ಹಾಕ್ಕೊಂಡು ತಿಂದ್ಬುಟ್ಟಾ?” ಎಂದು ಕೇಳಿದರು. ಖುರ್ಷಿದಕ್ಕ, “ಆ ಮುಚ್ಚಳ ನಾನು ಬಿಚ್ಚೇ ಇಲ್ಲ ಅಣ್ಣ” ಅಂದರು. “ಮತ್ತೆ ಯಾರು, ಇಲಿ ಬಿಚ್ತಾ?” ಅಂದರು ಅವರು.

ಮ್ಯಾಗ್ನೆಟ್ಟಿಗೆ ನಮ್ಮಲ್ಲಿ ಬರವಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬೇಕು. ನಾವು ಮಾಡುವ ಮರದ ರೈಲಿನ ಒಂದೊಂದು ಬೋಗಿಗೂ ಎರಡು ತುದಿಯಲ್ಲಿ ಅಂಗಿ ಕಾಲರಿನ ಗುಂಡಿಯಷ್ಟು ಮ್ಯಾಗ್ನೆಟ್ ಕೂರಿಸುತ್ತೇವೆ, ಬೋಗಿಗೆ ಬೋಗಿ ಅದರಿಂದಲೇ ಅಂಟುತ್ತದೆ. ಅನಂತರಾಜಣ್ಣ ಡಬ್ಬದಿಂದ ಅಂಥದೊಂದನ್ನು ತೆಗೆದು, ಅಂಟು ಹಚ್ಚಿ, ದಂಡದ ತುದಿಗೆ ಕೂರಿಸಿದರು. ಗಾತ್ರ ಅದೇ, ಹೊಳಪು ಅದೇ. ಅವರು ಕೈಲೇತಿನಲ್ಲಿ ಬುಗುರಿ ಕಡೆದು ಬೆಳೆದವರು, ಕಣ್ಣಳತೆಯಲ್ಲೇ ನಟ್ಟನಡು ಹಿಡಿಯಬಲ್ಲರು. ಮ್ಯಾಗ್ನೆಟ್ ಒಂದಿಷ್ಟೂ ಆಚೆ ಈಚೆ ಆಗದಂತೆ ಸರಿಯಾಗಿ ಮಧ್ಯಕ್ಕೆ ಕೂತಿತು. ಮುಚ್ಚಳ ಹಾಕಿ ಸ್ವಿಚ್ ಒತ್ತಿದರೆ ಮತ್ತೆ ಅದೇ ಕೆಂಪು ದೀಪ. ಅಲ್ಲಿಗೆ ತೀರ್ಪು ಬಂತು: “ಮ್ಯಾಗ್ನೆಟ್ ಕಳ್ದಿದ್ದಲ್ದೆ ಒಳಗಿಂದೂ ಸುಟ್ಟಾಕವ್ಳೆ. ನೋಡಮ್ಮ, ಇನ್ಮ್ಯಾಕೆ ಈ ಮಿಷಿನ್ ಮುಟ್ಬ್ಯಾಡ. ಅರಗಿನ್ ಕಡೆ ನಡಿ.”

ಖುರ್ಷಿದಕ್ಕ ಯಂತ್ರದ ಮೇಲಿದ್ದ ತಮ್ಮ ನೀರಿನ ಬಾಟಲಿ ಎತ್ತಿಕೊಂಡು ಹೋಗಿ ಅರಗಿನ ಸಾಲಿನಲ್ಲಿ ಕೂತರು. ಹೊಸ ಮೋಟಾರು ತರಲು ಕಂಪನಿಯವರು ಮುಂದಿನ ವಾರ ಬರುವುದೆಂದಾಯಿತು. ಹೊಸ ಮೋಟಾರಿನ ಜೊತೆಗೆ ಹೊಸ ಆಪರೇಟರನ್ನೂ ಅನಂತರಾಜಣ್ಣ ಅಷ್ಟರಲ್ಲೇ ಗೊತ್ತು ಮಾಡಿದ್ದರು: ಮಾಗಡಿಯಲ್ಲಿರುವ ತಮ್ಮ ಷಡ್ಡಕನ ಮಗ. ಅವನಿಗೆ ಮೊಬೈಲಿನಲ್ಲಿ ಆಟ ಆಡುವುದು ಚೆನ್ನಾಗಿ ಬರುತ್ತದಂತೆ, ಅದೇ ಅರ್ಹತೆ.

ಮಹಾಶಯರೇ, ತಮ್ಮೊಳಗೆ ಇಣುಕಬೇಕೆಂಬ ಆಸೆ ನನಗೆ ಮೊದಲಿನಿಂದಲೂ ಇತ್ತು. ಖುರ್ಷಿದಕ್ಕನಿಗೆ ನ್ಯಾಯ ಕೊಡಿಸಲೆಂದೇ ತಮ್ಮನ್ನು ಬಿಚ್ಚಿದೆ ಎಂದರೆ ಅರ್ಧ ಸುಳ್ಳು. ಕೈ ತುರಿಸುತ್ತಿತ್ತು, ಕಾರಣ ಸಿಕ್ಕಿತು. ಅನಂತರಾಜಣ್ಣನನ್ನು ಕೇಳಿದಾಗ, “ಕೆಟ್ಟಿರಾದ್ನ ಇನ್ನೇನ್ ಕೆಡಿಸ್ತೀಯ, ನೋಡ್ಕೊ ಹೋಗ್ಲಾ” ಎಂದು ಅನುಮತಿ ದಯಪಾಲಿಸಿದರು.

ಒಳಗೆ ಏನೋ ಹಲ್ಲಿನ ಚಕ್ರ, ಸ್ಪ್ರಿಂಗು, ತೂತು ತೂತಾದ ತಟ್ಟೆ ಇರಬಹುದೆಂದು ಬಗೆದಿದ್ದೆ. ಹಳೆಯ ಪ್ರಿಂಟರೊಂದನ್ನು ಬಿಚ್ಚಿದಾಗ ಅಂಥ ತಟ್ಟೆ ನೋಡಿದ್ದೆ, ಅದರ ತೂತುಗಳಲ್ಲಿ ಬೆಳಕು ಹಾಯ್ದು ಎಣಿಕೆಯಾಗುತ್ತದೆ. ತಮ್ಮಲ್ಲಿ ಅದೊಂದೂ ಇಲ್ಲ. ಒಂದು ಹಸಿರು ಹಲಗೆ, ಅದರ ನಡುವೆ ತೊಗರಿಬೇಳೆಯಷ್ಟು ಕರಿಯ ಚಿಪ್, ಅದೇ ತಾವು. ತಮ್ಮೆದುರಿಗೆ ದಂಡದ ತುದಿಯ ಮ್ಯಾಗ್ನೆಟ್. ನಡುವೆ ಒಂದು ಉಗುರಿನಷ್ಟು ಖಾಲಿ ಜಾಗ. ತಾವು ಅದನ್ನು ಮುಟ್ಟುವುದಿಲ್ಲ, ಅದು ತಮ್ಮನ್ನು ಮುಟ್ಟುವುದಿಲ್ಲ. ಮುಟ್ಟದೆಯೇ ಎಲ್ಲ ಗೊತ್ತು ಎನ್ನುವವರನ್ನು ನಾನು ಊರಲ್ಲಿ ನೋಡಿದ್ದೇನೆ, ಆದ್ದರಿಂದ ಅನುಮಾನ ಬಂದು ಮೊದಲು ತಮಗೆ ಕಣ್ಣಿರಬಹುದೆಂದು ಟಾರ್ಚು ಬಿಟ್ಟೆ, ಆಮೇಲೆ ಕರಿಬಟ್ಟೆ ಮುಚ್ಚಿದೆ. ಬೆಳಕಿಗೂ ಕತ್ತಲೆಗೂ ತಾವು ಒಂದೇ ಸಮನಾಗಿದ್ದಿರಿ. ಯೋಗಿಗಳ ಲಕ್ಷಣ.

ಕರೆಂಟು ಕೊಟ್ಟು, ದಂಡವನ್ನು ಕೈಯಿಂದ ತಿರುಗಿಸುತ್ತ, ತಮ್ಮ ವರದಿಯ ಅಂಕಿ ಮೂಡುವ ಯಂತ್ರದ ಪರದೆ ನೋಡಿದೆ. ದಂಡ ಎಷ್ಟು ಸುತ್ತಿದರೂ ತಮ್ಮ ಅಂಕಿ ಇದ್ದಲ್ಲೇ ನಡುಗುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ಸತ್ತಿದ್ದಾರೆ ಎಂದೇ ತೀರ್ಮಾನಿಸಿ ಬೇಸರದಿಂದ, ಕೈಗೆ ಸಿಕ್ಕಿದ ರೈಲಿನ ಬೋಗಿಯೊಂದನ್ನು ತಮ್ಮ ಪಕ್ಕಕ್ಕೆ ಇಟ್ಟೆ. ಅಂಕಿ ಕುಪ್ಪಳಿಸಿತು! ಬೋಗಿಯನ್ನು ತಮ್ಮ ಸುತ್ತ ಪ್ರದಕ್ಷಿಣೆ ಹಾಕಿಸಿದರೆ ಅಂಕಿಯೂ ಸೊನ್ನೆಯಿಂದ ಮುನ್ನೂರ ಅರವತ್ತರವರೆಗೆ ಪ್ರದಕ್ಷಿಣೆ ಹಾಕಿತು. ಆಗ ತಿಳಿಯಿತು, ತಾವು ಸುಟ್ಟಿಲ್ಲ, ಕೆಟ್ಟಿಲ್ಲ, ಮ್ಯಾಗ್ನೆಟ್ಟಿನ ಸೆಳೆತ ತಮ್ಮ ಮೈಮೇಲೆ ಯಾವ ಕಡೆಯಿಂದ ಯಾವ ಕಡೆಗೆ ಹಾಯುತ್ತಿದೆ ಎಂಬ ದಿಕ್ಕನ್ನಷ್ಟೇ ತಾವು ನೋಡುವುದು. ಸಾತನೂರಿನ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂತ ಕಂಡಕ್ಟರು, ಮೈ ವಾಲಿದ ದಿಕ್ಕಿನಿಂದಲೇ ಯಾವ ತಿರುವು ಬಂತೆಂದು ಹೇಳುತ್ತಾನಲ್ಲ, ಹಾಗೆ. ದಿಕ್ಕು ತಿರುಗಿದರೆ ದಂಡ ತಿರುಗಿತು. ದಿಕ್ಕು ತಿರುಗದಿದ್ದರೆ, ದಂಡ ಬುಗುರಿಯಂತೆ ಸುತ್ತಿದರೂ ತಮಗೆ ಅದು ನಿದ್ದೆ ಮಾಡುತ್ತಿದೆ.

ಹಾಗಾದರೆ ದಂಡದ ತುದಿಯ ಮ್ಯಾಗ್ನೆಟ್ ಸುತ್ತಿದರೂ ದಿಕ್ಕು ಯಾಕೆ ಸುತ್ತುವುದಿಲ್ಲ? ಇದನ್ನು ನೋಡಲು ಮನೆಯಲ್ಲಿ ಅವ್ವ ಸಾಕುವ ರೇಷ್ಮೆಹುಳುವಿನ ಗೂಡಿನಿಂದ ಒಂದು ಎಳೆ ಬಿಚ್ಚಿ ತಂದು, ಮ್ಯಾಗ್ನೆಟ್ಟಿಗೆ ಉಜ್ಜಿದ ಸೂಜಿಯನ್ನು ಅದಕ್ಕೆ ಕಟ್ಟಿ, ದಂಡದ ಮುಂದೆ ಇಳಿಬಿಟ್ಟೆ. ಸೂಜಿ ಮೂಗು ತಗ್ಗಿಸಿ ಮಧ್ಯಕ್ಕೆ ತೋರಿಸುತ್ತ ನಿಂತಿತು. ದಂಡ ತಿರುಗಿಸಿದೆ, ಸೂಜಿ ಅಲ್ಲಾಡಲಿಲ್ಲ. ನಮ್ಮ ರೈಲಿನ ಮ್ಯಾಗ್ನೆಟ್ಟಿಗೆ ಈ ಮುಖವೆಲ್ಲ ಒಂದೇ ಧ್ರುವ, ಆ ಮುಖವೆಲ್ಲ ಇನ್ನೊಂದು. ಮುಖಾಮುಖಿ ಅಂಟಲು ಅದು ಹಾಗೇ ಇರಬೇಕು. ಆದರೆ ಹಣೆಯ ನಡುವಿನ ಬೊಟ್ಟು ತಿರುಗಿತೋ ಇಲ್ಲವೋ ಎಂದು ಯಾರು ಹೇಳಬಲ್ಲರು? ತಮಗೆ ಬೇಕಾದದ್ದು ಬೊಟ್ಟಲ್ಲ, ಒಂದೇ ಮುಖದಲ್ಲಿ ಅರ್ಧ ಉತ್ತರ ಅರ್ಧ ದಕ್ಷಿಣ ಇರುವ, ಅಡ್ಡಡ್ಡ ಸೀಳಿದಂಥ ಮ್ಯಾಗ್ನೆಟ್. ತುದಿಗೊಂದು ಧ್ರುವ ಎಂದ ನಮ್ಮ ಮೇಷ್ಟ್ರು ಇದನ್ನು ಹೇಳಿಕೊಟ್ಟಿರಲಿಲ್ಲ. ಬಹುಶಃ ನಾನು ಬಿಟ್ಟ ಮಾರನೆಯ ದಿನ ಹೇಳಿರಬಹುದು.

ಇಲ್ಲೊಂದು ಮಾತು ತಮ್ಮ ಸನ್ನಿಧಿಯಲ್ಲಿ ಹೇಳಲೇಬೇಕು. ಅನಂತರಾಜಣ್ಣ ಆ ತಪ್ಪು ಮ್ಯಾಗ್ನೆಟ್ಟನ್ನು ಸೋಮಾರಿಯಂತೆ ಸೊಟ್ಟಗೆ ಅಂಟಿಸಿದ್ದರೆ, ಬೊಟ್ಟು ನಡುವಿನಿಂದ ಸರಿದು, ಅದು ಸುತ್ತುವುದು ತಮಗೆ ಒಂದಿಷ್ಟಾದರೂ ಕಾಣುತ್ತಿತ್ತು. ನಾನೇ ಹಾಗೆ ಸರಿಸಿ ಪರೀಕ್ಷೆ ಮಾಡಿದೆ, ಅಂಕಿ ಕುಂಟುತ್ತ ಓಡಿತು. ಅವರ ಕೈಯ ಅಚ್ಚುಕಟ್ಟೇ ಖುರ್ಷಿದಕ್ಕನ ಕೆಲಸಕ್ಕೆ ಮುಳುವಾಯಿತು. ಇಷ್ಟು ಚೊಕ್ಕವಾದ ತಪ್ಪು ಬೇರೆ ಊರಿನಲ್ಲಿ ಆಗುವುದು ಸಾಧ್ಯವಿಲ್ಲವೆಂದು ಹೆಮ್ಮೆಯಿಂದ ತಿಳಿಸುತ್ತೇನೆ.

ಇನ್ನು ಉಳಿದದ್ದು ತಮ್ಮ ಅಸಲಿ ಮ್ಯಾಗ್ನೆಟ್ ಎಲ್ಲಿಗೆ ಹೋಯಿತೆಂಬುದು. ರೈಲು ಜೋಡಿಸಿ ಪೆಟ್ಟಿಗೆಗೆ ತುಂಬುವ ಚಿನ್ನಮ್ಮನ ಹತ್ತಿರ ಹೋಗಿ, ಯಾವುದಾದರೂ ಬೋಗಿ ಸರಿಯಾಗಿ ಅಂಟುತ್ತಿಲ್ಲವೇ ಎಂದು ಕೇಳಿದೆ. ಅವರು ಬೆಂಚಿನ ಕೆಳಗಿನಿಂದ ಒಂದು ಹಳದಿ ಬೋಗಿ ಎತ್ತಿ ಕುಕ್ಕಿದರು. “ಇದೊಂದು ಮೂದೇವಿ ಕಣಪ್ಪ. ಹ್ಯಾಂಗ್ ಅಂಟ್ಸುದ್ರೂ ಒಂದ್ ಪಕ್ಕಕ್ಕೆ ಜಾರ್ಕತದೆ, ಕುಡ್ದೋನ್ ಹೆಗಲ್ ಮ್ಯಾಲೆ ಬಿದ್ದಂಗೆ.” ಅದರ ಮ್ಯಾಗ್ನೆಟ್ ಕಿತ್ತು ರೇಷ್ಮೆ ಎಳೆಯ ಸೂಜಿಯ ಮುಂದೆ ಹಿಡಿದು ತಿರುಗಿಸಿದೆ. ಸೂಜಿ ಅದರ ಜೊತೆಜೊತೆಗೇ ತಿರುಗಿತು. ನಾನು ಕೂಗಿಕೊಂಡೆನಂತೆ, ಕೂಗಿದ್ದು ನನಗೆ ನೆನಪಿಲ್ಲ, ಚಿನ್ನಮ್ಮ ಬೈದದ್ದು ನೆನಪಿದೆ.

ಅದು ರೈಲಿನೊಳಕ್ಕೆ ಹೇಗೆ ಬಂತು? ನಮ್ಮಲ್ಲಿ ಒಂದು ಪದ್ಧತಿ ಉಂಟು. ದಿನವೆಲ್ಲ ಕೈಜಾರಿ ಬಿದ್ದ ಮ್ಯಾಗ್ನೆಟ್ಟುಗಳು ಸ್ಟೂಲಿನ ಕಾಲಿಗೆ, ಲೇತಿನ ಮೈಗೆ, ಬಾಗಿಲಿನ ಚಿಲಕಕ್ಕೆ, ಎಲ್ಲೆಲ್ಲಿ ಕಬ್ಬಿಣವಿದೆಯೋ ಅಲ್ಲೆಲ್ಲ ಅಂಟಿಕೊಂಡಿರುತ್ತವೆ. ಸಂಜೆ ಅನಂತರಾಜಣ್ಣ ತಾವೇ ಒಂದು ಹಳೇ ಕಬ್ಬಿಣದ ಅರ ಹಿಡಿದು ಸುತ್ತು ಹಾಕಿ, ಬಯ್ಯುತ್ತ, ಅವನ್ನೆಲ್ಲ ಹೆಕ್ಕಿ ಡಬ್ಬಕ್ಕೆ ಹಾಕುತ್ತಾರೆ. ಚಿನ್ನಮ್ಮ ಬೋಗಿಯನ್ನೂ ನನ್ನನ್ನೂ ನೋಡಿ, ಬಾಯಿಗೆ ಸೆರಗು ಹಿಡಿದು ಹೇಳಿದರು: “ಶನಿವಾರ ಮಿಷಿನ್ ಮುಚ್ಚಳ ಬಿಚ್ಚಿ ಹೊಟ್ಟು ಬಳುಸ್ವಾಗ ಆವಯ್ಯನೇ ಅಲ್ವೇನೋ ಅಂದಿದ್ದು, ‘ಮೋಟ್ರೊಳಗೂ ಒಂದು ಸಿಗ್ತು ನೋಡ್ರೇ, ಎಲ್ಲೆಲ್ಲಿ ಬೀಳುಸ್ತೀರೇ’ ಅಂತ? ನಂಗೂ ಉಗುದ್ರು, ನಿಂಗೂ ಉಗುದ್ರು.” ಹೌದು, ಉಗಿದಿದ್ದರು. ಖುರ್ಷಿದಕ್ಕ ಆ ದಿನ ರಜೆಯಲ್ಲಿದ್ದುದರಿಂದ ಅವರ ಪಾಲಿನದನ್ನೂ ನಾವೇ ಉಗಿಸಿಕೊಂಡಿದ್ದೆವು. ದಿನಾ ಉಗಿಯುವವರ ಮಾತಿನಲ್ಲಿ ಸಾಕ್ಷ್ಯ ಅಡಗಿದೆಯೆಂದು ಯಾರು ಕಿವಿಗೊಟ್ಟು ಕೇಳುತ್ತಾರೆ?

ಟೀ ಹೊತ್ತಿಗೆ ಎಲ್ಲರೂ ಸೇರಿದಾಗ ಇಷ್ಟನ್ನೂ ಹೇಳಿದೆ. ಮ್ಯಾಗ್ನೆಟ್ ಕಿತ್ತವರು ನೀವು, ತಪ್ಪು ಮ್ಯಾಗ್ನೆಟ್ ಇಟ್ಟವರು ನೀವು, ಖುರ್ಷಿದಕ್ಕ ಆ ದಿನ ಬಂದೇ ಇರಲಿಲ್ಲ ಎಂದೆ. ಇದನ್ನು ಗುಟ್ಟಾಗಿ ಹೇಳಬಹುದಿತ್ತಲ್ಲ ಎಂದು ಆಮೇಲೆ ಕೆಲವರು ಬುದ್ಧಿ ಹೇಳಿದರು. ದೂಷಣೆ ಎಲ್ಲರೆದುರಿಗೆ ಆಗಿ, ನಿಜ ಮಾತ್ರ ಗುಟ್ಟಾಗಿ ಹೋಗಬೇಕೆಂಬ ಶಾಸ್ತ್ರ ನಾನು ಶಾಲೆ ಬಿಟ್ಟ ಮೇಲೆ ಬಂದಿರಬೇಕು. ಅನಂತರಾಜಣ್ಣ ಟೀ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ, “ಹಾಕ್ ನೋಡ್ಲಾ ಅದ್ನ” ಅಂದರು.

ಹಾಕಿದೆ. ಮ್ಯಾಗ್ನೆಟ್ ಕೂತ ದಿಕ್ಕು ಬೇರೆಯಾದ್ದರಿಂದ ತಾವು ಅಳತೆ ಶುರುವಾಗುವ ಸೊನ್ನೆ ಎಲ್ಲಿದೆಯೆಂದು ಮರೆತು, ಮೊದಲ ಸಲ ಉಳಿಯನ್ನು ಹೋಗಿ ಮರ ಕಚ್ಚಿ ಹಿಡಿಯುವ ಚಕ್ಕಿಗೆ ಗುದ್ದಿಸಿದಿರಿ. ಕಂಪನಿಯವರನ್ನು ಫೋನಿನಲ್ಲಿ ಕೇಳಿ ಸೊನ್ನೆ ಮತ್ತೆ ಹೇಳಿಕೊಟ್ಟ ಮೇಲೆ, ಏನೂ ಆಗಿಯೇ ಇಲ್ಲವೆಂಬಂತೆ ಹಸಿರು ದೀಪ ಹತ್ತಿಸಿದಿರಿ. ಒಂದು ಕ್ಷಮೆಯಿಲ್ಲ, ಒಂದು ವಿಷಾದವಿಲ್ಲ. ಅನಂತರಾಜಣ್ಣನೂ ಅಷ್ಟೇ. ತಮ್ಮ ಮುಚ್ಚಳಕ್ಕೆ ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಖುರ್ಷಿದಕ್ಕನ ಕಡೆ ತಿರುಗದೆಯೇ, “ಹೋಗ್ಲಿ ಬುಡು, ಆಗಿದ್ದಾಯ್ತು. ಬಂದ್ ಕೂತ್ಕೊ ಅನ್ನಿ” ಎಂದು ಗಾಳಿಗೆ ಹೇಳಿದರು.

ಖುರ್ಷಿದಕ್ಕ ಅರಗಿನ ಕಡ್ಡಿ ಕೆಳಗಿಡಲಿಲ್ಲ. “ನಾಲ್ಕು ಜನರ ಮುಂದೆ ನನ್ನ ತಪ್ಪು ಅಂದ್ರಿ. ಅದೇ ನಾಲ್ಕು ಜನರ ಮುಂದೆ ಅಲ್ಲ ಅನ್ನಿ ಅಣ್ಣ, ಈಗ್ಲೇ ಬಂದು ಕೂತ್ಕೋತೀನಿ. ಇಲ್ಲಾಂದ್ರೆ ನಂಗೆ ಅರಗೇ ಆಯ್ತು” ಅಂದರು. ಅಷ್ಟೇ. ಅನಂತರಾಜಣ್ಣ ಹಠಕ್ಕೆ ಬಿದ್ದು ನನ್ನನ್ನು ಕರೆದು, ನೀನೇ ಕೂತ್ಕೊಳ್ಲಾ ಎಂದರು. ನಾನು ಕೂತೆ ಎಂಬುದನ್ನು ಮುಚ್ಚಿಡುವುದಿಲ್ಲ, ಆ ಸೀಟು ನನಗೆ ಬಹಳ ದಿನದಿಂದ ಬೇಕಾಗಿತ್ತು. ಚಕ್ರಗಳೂ ಚೆನ್ನಾಗಿಯೇ ಬಂದವು, ಖುರ್ಷಿದಕ್ಕ ಕೂರಿಸಿಟ್ಟ ಅಳತೆ ಯಂತ್ರದಲ್ಲಿ ಹಾಗೇ ಇತ್ತಲ್ಲ. ಅಷ್ಟರಲ್ಲಿ ಚಿನ್ನಮ್ಮ ಪೆಟ್ಟಿಗೆ ಹೊತ್ತುಕೊಂಡು ಹಾದುಹೋಗುತ್ತ, “ಏನಪ್ಪ ಆಪ್ರೇಟ್ರೇ, ಸೀಟು ಬೆಚ್ಗೈತಾ?” ಅಂದರು. ಎದ್ದುಬಿಟ್ಟೆ. ಅಂದಿನಿಂದ ತಾವು ಹಸಿರು ದೀಪ ಹತ್ತಿಸಿಕೊಂಡು, ಯಾರೂ ಇಲ್ಲದ ಯಂತ್ರದಲ್ಲಿ, ಕುಂಕುಮ ಇಟ್ಟುಕೊಂಡು ವಿರಾಜಮಾನರಾಗಿದ್ದೀರಿ. ಷಡ್ಡಕನ ಮಗ ಸೋಮವಾರ ಬರುತ್ತಾನಂತೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ. ದಿಕ್ಕು ಬದಲಾಗುವುದನ್ನು ತಮ್ಮಷ್ಟು ಸೂಕ್ಷ್ಮವಾಗಿ ಬಲ್ಲವರು ಈ ಜಿಲ್ಲೆಯಲ್ಲಿ ಮತ್ತೊಬ್ಬರಿಲ್ಲ. ಮೋಟಾರಿನ ಬೆನ್ನು ಬಿಟ್ಟು ಒಂದು ದಿನದ ಮಟ್ಟಿಗೆ ಅನಂತರಾಜಣ್ಣನ ಕತ್ತಿನ ಹಿಂಭಾಗಕ್ಕೆ ವರ್ಗವಾಗಿ ಬರಬೇಕು. ಅವರ ಮುಖ ಅರಗಿನ ಸಾಲಿನ ಕಡೆಗೆ ಎಷ್ಟು ಡಿಗ್ರಿ ತಿರುಗುತ್ತದೆ, ಎಲ್ಲಿಗೆ ಬಂದು ನಿಂತುಬಿಡುತ್ತದೆ ಎಂದು ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ತೋರಿಸಬೇಕು. ಅದು ಸಾಧ್ಯವಿಲ್ಲದಿದ್ದರೆ, ಕೆಲಸಗಾರರ ತಪ್ಪಿಗೆ ಒಂದು ಬಣ್ಣ, ಮಾಲೀಕರ ತಪ್ಪಿಗೆ ಇನ್ನೊಂದು ಬಣ್ಣದ ದೀಪವನ್ನಾದರೂ ಕರುಣಿಸಬೇಕು. ಈಗಿರುವ ಒಂದೇ ಕೆಂಪು ಯಾವಾಗಲೂ ಯಂತ್ರದ ಮುಂದೆ ಕೂತವರ ಮುಖಕ್ಕೇ ಬೀಳುತ್ತದೆ. ಅದೂ ಆಗದಿದ್ದರೆ, ಷಡ್ಡಕನ ಮಗ ಬಂದು ಕೂತ ದಿನ ತಾವು ತಮ್ಮ ಹಳೆಯ ಅಭ್ಯಾಸದಂತೆ ಏನೂ ತಿರುಗುತ್ತಿಲ್ಲವೆಂದು ಒಂದು ವರದಿ ಕೊಟ್ಟರೆ ಸಾಕು. ಈ ಸಲ ಅದು ಪೂರ್ತಿ ಸುಳ್ಳಾಗುವುದಿಲ್ಲ.

ತಾವು ಹೇಗೆ ಕೆಲಸ ಮಾಡುತ್ತೀರೆಂದು ತಿಳಿದ ಮೇಲೂ ತಮ್ಮ ಮೇಲೆ ಗೌರವ ಉಳಿಸಿಕೊಂಡಿರುವ ವಿಶ್ವಾಸಿ,
ಮುನೇಶ, ಅಕ್ಕೂರು

ವಿ.ಸೂ.: ಈ ಪತ್ರವನ್ನು ತಮ್ಮ ಮುಚ್ಚಳಕ್ಕೆ ಅಂಟಿಸುವ ಮೊದಲೇ ಒಂದು ಘಟನೆ ನಡೆಯಿತು. ಮಧ್ಯಾಹ್ನ ಎಲ್ಲ ಲೇತುಗಳೂ ಗಂಟಲು ಹರಿಯುವಂತೆ ಓಡುತ್ತಿದ್ದಾಗ ಅನಂತರಾಜಣ್ಣ ಅರಗಿನ ಸಾಲಿಗೆ ಹೋಗಿ, ಖುರ್ಷಿದಕ್ಕನ ಮುಂದೆ ನಿಂತು, ಏನೋ ಹೇಳಿ ತುಟಿ ಆಡಿಸಿದರು. ಅಷ್ಟು ಸದ್ದಿನಲ್ಲಿ ಅದು ಪಕ್ಕದ ನೊಣಕ್ಕೂ ಕೇಳಿಸಿರಲಿಕ್ಕಿಲ್ಲ. ಖುರ್ಷಿದಕ್ಕ ಎದ್ದು, ಕೈ ಒರೆಸಿಕೊಂಡು, ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ ಇಳಿಸಿದರು. ಒಂದೊಂದೇ ಲೇತ್ ಸುತ್ತು ನಿಧಾನಿಸಿ ನಿಂತಿತು. ಎಲ್ಲರೂ ತಲೆ ಎತ್ತಿದರು. “ಈಗ ಹೇಳಿ ಅಣ್ಣ” ಅಂದರು. ಕರೆಂಟು ಇಲ್ಲದೆ ತಾವೂ ಆಗ ಪ್ರಜ್ಞೆ ತಪ್ಪಿದ್ದರಿಂದ ತಮಗೆ ಗೊತ್ತಾಗಿರುವುದಿಲ್ಲ, ಆದ್ದರಿಂದ ನಾನೇ ವರದಿ ಒಪ್ಪಿಸುತ್ತಿದ್ದೇನೆ: ಹೇಳಿದರು. ಎರಡು ಸಲ ಹೇಳಬೇಕಾಯಿತು, ಮೊದಲನೆಯದು ತಮಗೆ ಕೇಳಿಸಲಿಲ್ಲವೆಂದು ಹಿಂದಿನಿಂದ ಚಿನ್ನಮ್ಮ ಕೂಗಿದರು.